ಬಾಜೂಮನಿಯವ್ರು ಹೆಂಗದಾರ?

ಆ ದಿನ ಬೆಳಿಗ್ಗೆ ಭೂಮಂಡಲದಲ್ಲೇ ಅತ್ಯಂತ ಆರೋಗ್ಯವಂತ ಜನ ಎಲ್ಲಿದ್ದಾರೆಂದು ಯಾರಾದರೂ ಕೇಳಿದ್ದರೆ, ಜಾಲಿಕೊಪ್ಪದಲ್ಲಿ ಎಂದು ಕಣ್ಣುಮುಚ್ಚಿ ಹೇಳಬಹುದಿತ್ತು. ಇಡೀ ಊರಿನಲ್ಲಿ ಒಬ್ಬರಿಗೆ ನೆಗಡಿಯಿಲ್ಲ, ಒಬ್ಬರಿಗೆ ಮೊಣಕಾಲು ನೋವಿಲ್ಲ. ಹಾಸಿಗೆ ಹಿಡಿದು ಹತ್ತು ವರ್ಷವಾದ ಮುದುಕರು ಕೂಡ ಹರೆಯದ ಹೋರಿಗಳ ಹಾಗಿದ್ದಾರೆ. ಇದನ್ನು ಹೇಳಿದ್ದು ಊರಿನ ಜಂಬದ ಜನರಲ್ಲ. ಹೇಳಿದ್ದು 'ಕುಶಲ'.

ಕುಶಲ ಒಂದು ಯಂತ್ರ. ಜಾಲಿಕೊಪ್ಪದ ಹಳೆಯ ಹತ್ತಿ ಗಿರಣಿಯ ಮಾಳಿಗೆಯ ಮೇಲೆ ಅದನ್ನು ಕೂರಿಸಿದ್ದರು. ಅದರ ಪರದೆ ಎಷ್ಟು ದೊಡ್ಡದೆಂದರೆ, ಅದರ ಮೇಲಿನ ತುದಿಯ ಧೂಳು ಒರೆಸಲು ಹೋದ ಕೆಲಸದವನು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ. ಊರಿನ ಪ್ರತಿಯೊಂದು ಮನೆಗೂ ಆ ಪರದೆಯಲ್ಲಿ ಒಂದು ದೀಪ. ಬೆಳಗಾದರೆ ಯಂತ್ರ ಎಲ್ಲ ಮನೆಗೂ ಒಮ್ಮೆಗೇ ಫೋನು ಹಚ್ಚಿ, ನಾಟಕ ಕಂಪನಿಯ ನಟಿಯೊಬ್ಬಳ ಜೇನಿನಂಥ ದನಿಯಲ್ಲಿ, "ನಮಸ್ಕಾರ್ರೀ, ಎಲ್ಲಾರೂ ಆರಾಮ ಅದೀರೇನ್ರಿ?" ಎಂದು ಕೇಳುತ್ತಿತ್ತು. ಆರಾಮ ಎಂದರೆ ಹಸಿರು ದೀಪ, ಆರಾಮಿಲ್ಲ ಎಂದರೆ ಕೆಂಪು. ಕೆಂಪು ದೀಪಗಳು ಒಂದು ಕಡೆ ಗುಂಪುಗೂಡಿದರೆ ಅಲ್ಲೊಂದು ರೋಗ ಹೊಂಚು ಹಾಕಿದೆ ಎಂದು ಲೆಕ್ಕ.

ಇಂಥದ್ದೊಂದು ಯಂತ್ರ ಬಂದಿದ್ದೇ ದೊಡ್ಡ ಕಥೆ. ಮೊದಲೆಲ್ಲ ಬೆಂಕಿ ಬಿದ್ದರೆ ಬಂಬಿನ ಗಾಡಿ ಬರುತ್ತಿತ್ತು, ಕಳ್ಳ ಬಂದರೆ ಪೊಲೀಸರು ಬರುತ್ತಿದ್ದರು, ರೋಗ ಬಂದರೆ ಸಮಿತಿ ಬರುತ್ತಿತ್ತು. ಸಮಿತಿ ಕೂತು, ಅದಕ್ಕೊಂದು ಉಪಸಮಿತಿ ಹುಟ್ಟಿ, ಉಪಸಮಿತಿಗೆ ಚಹಾ ಬರುವಷ್ಟರಲ್ಲಿ ರೋಗ ಊರೆಲ್ಲ ಸುತ್ತಿ, ಸುಸ್ತಾಗಿ, ತಾನೇ ಹೊರಟುಹೋಗಿರುತ್ತಿತ್ತು. ಹೋಗುವಾಗ ಒಂದಷ್ಟು ಜನರನ್ನು ಜೊತೆಗೆ ಕರೆದುಕೊಂಡು. ಹಾಗಾಗಬಾರದೆಂದು ಹುಟ್ಟಿದ ಹೊಸ ಶಾಸ್ತ್ರಕ್ಕೆ ತುರ್ತು ಆರೋಗ್ಯ ನಿರ್ವಹಣೆ ಎಂದು ಹೆಸರಿಟ್ಟರು. ಅದನ್ನು ಓದಿ ಪಾಸಾದ ಮೊಟ್ಟಮೊದಲ ತಂಡದಲ್ಲಿ ಜಾಲಿಕೊಪ್ಪದವಳೇ ಆದ ಡಾಕ್ಟರ್ ನೀಲಗಂಗಾ ಇದ್ದಳು.

ಹೊಸ ಶಾಸ್ತ್ರದ ಕಷ್ಟ ಕೇಳಬಾರದು. "ಇಂಜೆಕ್ಷನ್ ಮಾಡ್ತೀಯೇನು?" ಎಂದು ಬೀಗರು ಕೇಳಿದರೆ ಇಲ್ಲ ಅನ್ನಬೇಕು. "ಆಪರೇಶನ್?" ಇಲ್ಲ. "ಮತ್ತ ಎಂಥಾ ಡಾಕ್ಟರ್ ಬೇ ನೀ?" ಎಂದರೆ ನೀಲಗಂಗಾ ಎದೆಯುಬ್ಬಿಸಿ, "ಜಡ್ಡು ಬರೂಕಿಂತ ಮೊದಲ ಹೋಗಿ ಊರ ಅಗಸಿ ಬಾಗಲದಾಗ ನಿಲ್ಲೂ ಡಾಕ್ಟರ್" ಎನ್ನುತ್ತಿದ್ದಳು. ಹಟದಲ್ಲಿ ಅವಳನ್ನು ಮೀರಿಸುವವರು ಏಳು ಜಿಲ್ಲೆಯಲ್ಲಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಎಮ್ಮೆಯೊಂದು ದಾರಿ ಬಿಡಲಿಲ್ಲವೆಂದು ಅದರ ಎದುರು ನಿಂತು ಸಂಜೆಯವರೆಗೂ ದುರುಗುಟ್ಟಿ ನೋಡಿದ್ದಳಂತೆ. ಕೊನೆಗೆ ಎಮ್ಮೆ ನಾಚಿಕೊಂಡು ಸರಿದು ಹೋಯಿತಂತೆ.

ಈಗ ಅದೇ ನೀಲಗಂಗಾ ಹಸಿರು ಪರದೆಯ ಎದುರು ನಿಂತು ಹಾಗೆಯೇ ದುರುಗುಟ್ಟುತ್ತಿದ್ದಳು. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯಿಂದ ಆಗಷ್ಟೇ ಫೋನು ಬಂದಿತ್ತು. ಜಾಲಿಕೊಪ್ಪದ ಇನ್ನೊಬ್ಬ ಮನುಷ್ಯ, ಉಸಿರು ನಿಂತುಹೋಗಿ, ಕೃತಕ ಉಸಿರಾಟದ ಯಂತ್ರಕ್ಕೆ ಸೇರಿದ್ದ. ಇದೇ ವಾರದಲ್ಲಿ ಮೂರನೆಯವನು. ಮೊದಲಿನಿಬ್ಬರು ಆಗಲೇ ತೀರಿಕೊಂಡಿದ್ದರು. ಜ್ವರವಿಲ್ಲ, ಕೆಮ್ಮಿಲ್ಲ, ಇದ್ದಕ್ಕಿದ್ದಂತೆ ಎದೆ ಏರಿಳಿಯುವುದನ್ನೇ ಮರೆತುಬಿಡುತ್ತದೆ. ಪ್ರಯೋಗಾಲಯದವರು ವೈರಾಣುವನ್ನು ಹಿಡಿದು ಅದಕ್ಕೆ ಅಕ್ಷರ ಅಂಕಿ ಸೇರಿಸಿ ರೈಲು ಡಬ್ಬಿಯ ನಂಬರಿನಂಥ ಹೆಸರಿಟ್ಟಿದ್ದರು.

"ಮೂರೂ ಮಂದಿ ಏನ್ ಹೇಳಿದ್ರು ದಾವಲಸಾಬ?" ಎಂದು ನೀಲಗಂಗಾ ಕೇಳಿದಳು.

ದಾವಲಸಾಬ ನದಾಫ ಕುಶಲದ ಎಂಜಿನಿಯರು. ಯಂತ್ರವನ್ನು ಮಗಳಂತೆ ಸಾಕಿದವನು. ಅದಕ್ಕೆ ಯಾರಾದರೂ ಬೈದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಆರಾಮ ಅಂದಾರ್ರೀ ಮೇಡಂ. ಮೂರನೇದಾಂವ ಅಂತೂ ಆಂಬುಲೆನ್ಸನ್ಯಾಗ ಮಲಗಿ ಫೋನ್ ಎತ್ತಿ, ಆರಾಮ್ರೀ, ನೀವು ಆರಾಮ? ಅಂತ ತಿರುಗಿ ಕೇಳ್ಯಾನ್ರೀ."

ಕುಶಲದ ಕೋಣೆಯ ಮುಖ್ಯಸ್ಥರಾದ ಗಲಗಲಿ ಸಾಹೇಬರು ಕನ್ನಡಕ ಒರೆಸಿದರು. ನಿವೃತ್ತಿಗೆ ಹತ್ತಿರವಾದ ಅವರಿಗೆ ಹಸಿರು ಬಣ್ಣವೆಂದರೆ ಪ್ರಾಣ. "ಯಂತ್ರ ಸುಳ್ಳು ಹೇಳಂಗಿಲ್ರೀ ನೀಲಗಂಗಾ. ಊರಿಗೂರೇ ಛಲೋ ಅದ ಅಂತದ. ಮೂರು ಮಂದಿ ಸಲುವಾಗಿ ಊರ ಹೆದರಿಸೋದು ಬ್ಯಾಡ."

"ಯಂತ್ರ ಸುಳ್ಳು ಹೇಳಂಗಿಲ್ಲ ಸರ್. ಊರು ಹೇಳತೈತಿ."

ಊರು ಯಾಕೆ ಸುಳ್ಳು ಹೇಳುತ್ತದೆಂದು ಯಂತ್ರ ಮಾಡಿದ ಪರದೇಶದ ಪಂಡಿತರಿಗೆ ಏನು ಗೊತ್ತು? ಈ ಭಾಗದಲ್ಲಿ 'ಆರಾಮ ಅದೀರಿ?' ಎಂಬುದು ಪ್ರಶ್ನೆಯೇ ಅಲ್ಲ, ಅದು ನಮಸ್ಕಾರ. ನಮಸ್ಕಾರಕ್ಕೆ ನಮಸ್ಕಾರವೇ ಉತ್ತರ. ಕಾಲು ಮುರಿದವನೂ ಮೊದಲು ಆರಾಮ ಎಂದು, ಚಹಾ ಕುಡಿದು, ಮಳೆಬೆಳೆ ಮಾತಾಡಿ, ಎದ್ದು ಹೋಗುವಾಗ "ಕಾಲೊಂದು ಮುರದೈತಿ ನೋಡ್ರಿ" ಎನ್ನುತ್ತಾನೆ. ಅದೂ ಅಲ್ಲದೆ ಒಮ್ಮೆ ಆರಾಮಿಲ್ಲ ಎಂದು ಬಾಯಿಬಿಟ್ಟರೆ ಮುಗಿಯಿತು. ಸುದ್ದಿ ಹಬ್ಬಿ, ಮಾತಾಡಿಸಲು ಬರುವ ಬಳಗದ ಸಾಲು ಬಾಗಿಲಿನಿಂದ ಬಸ್‌ಸ್ಟ್ಯಾಂಡಿನವರೆಗೆ ಬೆಳೆಯುತ್ತದೆ. ಅಷ್ಟೂ ಜನಕ್ಕೆ ಚಹಾ ಕಾಸಿ ಕಾಸಿ, ಜಡ್ಡಾದವರು ಜಡ್ಡಿನಿಂದಲ್ಲ, ಬಳಗದಿಂದ ಸಾಯುತ್ತಾರೆ.

ಸಮಸ್ಯೆ ಇಷ್ಟೇ ಆಗಿದ್ದರೆ ನೀಲಗಂಗಾ ಊರಿಗೆಲ್ಲ ಔಷಧ ಹಂಚಿಬಿಡುತ್ತಿದ್ದಳು. ವೈರಾಣುವನ್ನು ಕೊಲ್ಲುವ ಔಷಧ ಇತ್ತು. ಆದರೆ ಅದು ಮೂತ್ರಪಿಂಡದ ಮೇಲೆ ಕಲ್ಲುಗುಂಡು ಇಟ್ಟ ಹಾಗೆ ಭಾರ. ರೋಗ ಇಲ್ಲದವರಿಗೆ ಕೊಟ್ಟರೆ ಕೇಡು. ರೋಗ ಹೊಕ್ಕು ಎಂಟು ದಿನದೊಳಗೆ ಕೊಟ್ಟರೆ ಮನುಷ್ಯ ಎದ್ದು ಓಡಾಡುತ್ತಾನೆ. ಎಂಟು ದಾಟಿದ ಮೇಲೆ ಕೊಟ್ಟರೆ ವೈರಾಣುವಿಗೇನೂ ಆಗುವುದಿಲ್ಲ, ಮೂತ್ರಪಿಂಡ ಮಾತ್ರ ಹೋಗುತ್ತದೆ. ಹಾಗಾಗಿ ಯಾರಿಗೆ ರೋಗ ಬಂದಿದೆ ಎಂಬುದರ ಜೊತೆಗೆ, ಎಂದಿನಿಂದ ಎಂಬುದೂ ತಿಳಿಯಬೇಕು. ಗಂಟಲಿನ ದ್ರವದ ಪರೀಕ್ಷೆ ಮೊದಲಿನದನ್ನು ಹೇಳುತ್ತಿತ್ತು, ಎರಡನೆಯದಕ್ಕೆ ಬಾಯಿಬಿಡುತ್ತಿರಲಿಲ್ಲ.

ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿದಾಗ ನೀಲಗಂಗಾ ಅವ್ವನ ಖಾನಾವಳಿಗೆ ಹೋದಳು. ಶಂಕ್ರವ್ವನ ಖಾನಾವಳಿಯೆಂದರೆ ಸಾಮಾನ್ಯವಲ್ಲ. ಅವಳು ರೊಟ್ಟಿ ತಟ್ಟಿದರೆ ಆ ಸಪ್ಪಳಕ್ಕೆ ಹುಬ್ಬಳ್ಳಿಯಲ್ಲಿ ಮಲಗಿದವರಿಗೆ ಹಸಿವಾಗುತ್ತಿತ್ತು. ಅವಳ ಎಣ್ಣಿಗಾಯಿ ಪಲ್ಯ ತಿಂದ ಜಡ್ಜ್ ಸಾಹೇಬರೊಬ್ಬರು ವರ್ಗಾವಣೆ ಬೇಡವೆಂದು ಅತ್ತಿದ್ದರು. ಅಂಥ ಪಲ್ಯದ ಒಂದು ತುತ್ತು ಬಾಯಿಗಿಟ್ಟದ್ದೇ ತಡ, ನೀಲಗಂಗಾಳ ಕಿವಿಯಿಂದ ಹೊಗೆ ಬಂತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮೊಸರಿನ ಗಡಿಗೆಯನ್ನೇ ಎತ್ತಿ ಕುಡಿದಳು.

"ಯವ್ವಾ! ಏನ್ ಹಾಕೀಯಬೇ ಇದಕ್ಕ?"

"ಯಾಕ, ಖಾರ ಕಡಿಮಿ ಆತೇನು?" ಎಂದಳು ಶಂಕ್ರವ್ವ, ಹಂಚಿನ ಮೇಲೆ ರೊಟ್ಟಿ ತಿರುವುತ್ತ. "ಈ ವರ್ಷದ ಮೆಣಸಿನಕಾಯಿ ಬರೇ ಬಣ್ಣ ನೋಡವಾ. ಎಷ್ಟ್ ಹಾಕಿದ್ರೂ ಸಪ್ಪಗ. ಆ ಅಂಗಡಿಯಾಂವ ಏನ್ ಕಲಿಸ್ಯಾನೋ. ಅವನ ಮಾರಿಗೆ ಹೊಡೀಬೇಕು."

ಪಂಕ್ತಿಯಲ್ಲಿ ಅರ್ಧ ಜನ ಧಾರಾಕಾರ ಅಳುತ್ತ ಊಟ ಮಾಡುತ್ತಿದ್ದರು. ಉಳಿದರ್ಧ ಜನ ಹಸುಗಳ ಹಾಗೆ ನೆಮ್ಮದಿಯಿಂದ ಮೆಲ್ಲುತ್ತ, "ಶಂಕ್ರವ್ವಾರ, ಸ್ವಲ್ಪ ಖಾರದ ಚಟ್ನಿ ಹಾಕ್ರಿ, ನಾಲಿಗಿಗೆ ಹತ್ತವಲ್ದು" ಎನ್ನುತ್ತಿದ್ದರು. ನೀಲಗಂಗಾಳಿಗೆ ಆಗ ಅದರತ್ತ ಲಕ್ಷ್ಯವಿರಲಿಲ್ಲ. ಮೂಗು ಒರೆಸುವುದರಲ್ಲೇ ಇದ್ದಳು.

"ನೀ ಆರಾಮ ಅದೀಯೇನು ಯವ್ವಾ? ಖರೇ ಹೇಳು."

"ನನಗೇನ್ ಧಾಡಿ? ಆರಾಮದೀನಿ. ನನ್ನ ಬಿಡು, ಆ ಬಾಜೂ ಮನಿ ಫಕೀರಿ ಐತಲ್ಲ..." ಶಂಕ್ರವ್ವ ದನಿ ತಗ್ಗಿಸಿ, ಗೋಡೆಯ ಕಡೆ ಗದ್ದ ಎತ್ತಿದಳು. "ಎರಡ್ ದಿನದಿಂದ ಎಡಗಾಲು ಎಳದ್ ನಡ್ಯಾಕತ್ತಾಳ. ಮುಂಜಾನೆ ತಡಾ ಮಾಡಿ ಏಳಾಕತ್ತಾಳ, ಕಸಾನೂ ನೆಟ್ಟಗ ಹೊಡದಿಲ್ಲ. ಬಿಪಿ ಗುಳಗಿ ನುಂಗೋದ ಬಿಟ್ಟಾಳ ಅನಸ್ತೈತಿ. ಸೊಸಿ ಕೂಡ ಮಾತಿಲ್ಲ. ನಾನೇನ್ ನೋಡಾಕ ಹೋಗಿದ್ದಿಲ್ಲವಾ, ಕಣ್ಣಿಗೆ ಬಿತ್ತು."

ನೀಲಗಂಗಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಶಂಕ್ರವ್ವ ಮತ್ತು ಫಕೀರವ್ವ ಮಾತು ಬಿಟ್ಟು ಹದಿನಾಲ್ಕು ವರ್ಷ. ಯಾರದೋ ಮದುವೆಯಲ್ಲಿ ಬೀಗರು ಯಾರ ಶೇಂಗಾ ಚಟ್ನಿಪುಡಿಯನ್ನು ಹೊಗಳಿದರು ಎಂಬ ಮಾತಿಗೆ ಹತ್ತಿದ ಆ ಜಗಳದ ಎದುರು ಕುರುಕ್ಷೇತ್ರ ಮಕ್ಕಳಾಟ. ಮಾತಿಲ್ಲದ ಹದಿನಾಲ್ಕು ವರ್ಷದ ಮೇಲೂ ಅವ್ವನಿಗೆ ಆ ಮನೆಯ ಗುಳಿಗೆ ಕೂಡ ಗೊತ್ತು! ತನ್ನ ಬಗ್ಗೆ ಕೇಳಿದರೆ ಒಂದೇ ಶಬ್ದ, ಪಕ್ಕದವರ ಬಗ್ಗೆಯಾದರೆ ಮಹಾಪುರಾಣ.

ಕೈ ತೊಳೆಯದೆ ನೀಲಗಂಗಾ ಗಿರಣಿಗೆ ಓಡಿದಳು.

"ಪ್ರಶ್ನಿ ಬದಲಿ ಮಾಡ್ರಿ ದಾವಲಸಾಬ. ನೀವು ಆರಾಮ ಅದೀರೇನು ಅಂತ ಕೇಳಬ್ಯಾಡ್ರಿ. ಬಾಜೂಮನಿಯವ್ರು ಹೆಂಗದಾರ ಅಂತ ಕೇಳ್ರಿ."

ಗಲಗಲಿ ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. "ಸರ್ಕಾರಿ ಯಂತ್ರಕ್ಕ ಚಾಡಿ ಕೇಳೋದ ಕಲಸ್ತೀರಿ? ನಾಳೆ ಮಂದಿ ನಮ್ಮ ಮಾನಾ ಕಳೀತಾರ. ಯಾವ ಪುಸ್ತಕದಾಗ ಅದರೀ ಇದು?"

"ಯಾವ ಪುಸ್ತಕದಾಗೂ ಇಲ್ಲ ಸರ್. ನಮ್ಮ ಶಾಸ್ತ್ರಕ್ಕ ಇನ್ನೂ ಹಾಲುಹಲ್ಲು. ಪುಸ್ತಕ ನಾವ ಬರೀಬೇಕು. ಹೇಳಿದವ್ರ ಹೆಸರು ಯಾರಿಗೂ ಗೊತ್ತಾಗದಂಗ ಅಳಿಸಿ ಹಾಕೋಣು. ಮಾನಾ ಹೋದ್ರ ನಂದು ಹೋಗಲಿ. ಉಸಿರು ಹೋದ್ರ ಊರಿಂದು ಹೋಗತೈತಿ."

ಗಲಗಲಿಯವರು ಅವಳ ಮುಖ ನೋಡಿದರು. ಎಮ್ಮೆಯ ಕಥೆ ಅವರಿಗೂ ಗೊತ್ತಿತ್ತು. ಸಹಿ ಹಾಕಿದರು.

ದಾವಲಸಾಬ ನಟಿಯ ದನಿಯನ್ನು ಸ್ವಲ್ಪ ತಗ್ಗಿಸಿ, ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿದ ಹಾಗೆ ಮಾಡಿದ. ಯಂತ್ರ ಫೋನು ಹಚ್ಚಿತು. ಆಮೇಲೆ ಆದದ್ದನ್ನು ಕಣ್ಣಾರೆ ಕಂಡವರು ಮಾತ್ರ ನಂಬಬೇಕು. ಆರಾಮ ಎಂಬ ಒಂದು ಮಾತಿಗೆ ಒಗ್ಗಿದ್ದ ಕುಶಲದ ಮೇಲೆ ಊರಿನ ಹೊಟ್ಟೆಯೊಳಗಿನ ಮಾತೆಲ್ಲ ಕಟ್ಟೆಯೊಡೆದು ನುಗ್ಗಿತು. ಫೋನು ಇಡುವವರೇ ಇಲ್ಲ. ಯಂತ್ರ ಮುಗಿಯಿತು ಎಂದರೂ, "ತಡಿಯವಾ, ಇನ್ನೊಂದ್ ಐತಿ" ಎನ್ನುತ್ತಿದ್ದರು. ಕುಶಲ ಎಷ್ಟು ಬಿಸಿಯಾಯಿತೆಂದರೆ ಅದರ ಬೆನ್ನಿನ ಮೇಲೆ ಇಟ್ಟಿದ್ದ ಗಲಗಲಿಯವರ ಚಹಾ ಮತ್ತೆ ಕುದಿಯಿತು.

ಆದರೆ ರೋಗದ ಸುಳಿವಿಲ್ಲ. ಯಂತ್ರ ಜಗಳಗಳನ್ನು ಒಂದು ಕಡೆ, ಪ್ರೇಮ ಪ್ರಕರಣಗಳನ್ನು ಒಂದು ಕಡೆ ವಿಂಗಡಿಸಿ, ಉಳಿದದ್ದನ್ನು ಕಸಕ್ಕೆ ತಳ್ಳಿತ್ತು.

"ಏನ್ ಕಸಾ ಅದು?" ಎಂದಳು ನೀಲಗಂಗಾ.

"ಏನಿಲ್ರೀ, ಅಡಿಗಿ ಮಾತು. ಇವರ ಮನಿ ಘಾಟಿಗೆ ನಾವ್ ಸೀನಿ ಸೀನಿ ಸತ್ತಿವಿ, ಅವರ ಮನಿ ಸೊಸಿ ಅತ್ತಿ ಮ್ಯಾಲಿನ ಸಿಟ್ಟಿಗೆ ಸಾರಿಗೆ ಖಾರಾ ಸುರೀತಾಳ, ಬಾಜೂಮನಿ ಕಾಕಾ ಹಸಿಮೆಣಸಿನಕಾಯಿ ಸೌತಿಕಾಯಿ ತಿಂದಂಗ ತಿನ್ನಾಕತ್ತಾನ... ಬರೇ ಇಂಥಾವ. ಯಂತ್ರಕ್ಕ ತಲಿ ಕೆಟ್ಟೈತ್ರಿ."

ನೀಲಗಂಗಾ ಕುರ್ಚಿ ಬಿಟ್ಟೆದ್ದಳು. ಮಧ್ಯಾಹ್ನದಿಂದ ಉರಿಯುತ್ತಿದ್ದ ಅವಳ ನಾಲಿಗೆ ಈಗ ಮಾತಾಡಿತು. "ಖಾರ ರುಚಿ ಅಲ್ಲ ದಾವಲಸಾಬ! ಖಾರ ಅಂದ್ರ ನೋವು!"

ಅದು ಹೌದು. ಸಿಹಿ, ಹುಳಿ, ಉಪ್ಪು, ಕಹಿಗಳೆಲ್ಲ ನಾಲಿಗೆಯ ರುಚಿಮೊಗ್ಗುಗಳ ಕೆಲಸ. ಖಾರ ಮಾತ್ರ ಬೇರೆ ಇಲಾಖೆ. ಬಿಸಿ ತಾಗಿದರೆ ಕೂಗಿಕೊಳ್ಳುವ ನರದ ತುದಿಗಳೇ ಮೆಣಸಿನಕಾಯಿ ತಾಗಿದರೂ ಕೂಗಿಕೊಳ್ಳುತ್ತವೆ. ಮುಖದ ಆ ನರ ಬಾಯಿ ಮೂಗುಗಳಿಂದ ಹೊರಟು ಮಿದುಳಿನ ಬುಡಕ್ಕೆ ಹೋಗುತ್ತದೆ. ಉಸಿರಾಟ ನಡೆಸುವ ಕೇಂದ್ರವೂ ಅದೇ ಓಣಿಯಲ್ಲಿದೆ. ವೈರಾಣು ಮೊದಲು ನಾಲಿಗೆಯಲ್ಲಿ ಹೊಕ್ಕು ನರದ ಬಾಯಿ ಕಟ್ಟುತ್ತದೆ, ಆಮೇಲೆ ಅದೇ ದಾರಿ ಹಿಡಿದು ಒಳಗೆ ನಡೆಯುತ್ತದೆ. ಬೇರೆ ಯಾವ ಊರಿನವರಾದರೂ ನಾಲಿಗೆಗೆ ಏನೋ ಆಗಿದೆ ಎಂದು ಡಾಕ್ಟರ ಹತ್ತಿರ ಹೋಗುತ್ತಿದ್ದರು. ಜಾಲಿಕೊಪ್ಪದವರಿಗೆ ತಮ್ಮ ನಾಲಿಗೆಯ ಮೇಲೆ ಎಂಥ ನಂಬಿಕೆ! ಊರಿಗೂರೇ ಮೆಣಸಿನಕಾಯಿಗೆ ಬೈದು, ಇನ್ನೊಂದು ಹಿಡಿ ಹಾಕಿಕೊಂಡು ಉಂಡಿತ್ತು. ಒಂದು ಕಪ್ಪು ಚಹಾವನ್ನು ಇಬ್ಬರು ಹಂಚಿ ಕುಡಿಯುವ ಊರಿನಲ್ಲಿ ವೈರಾಣು ಬಸ್ಸಿನ ಟಿಕೀಟಿಲ್ಲದೆ ಓಣಿ ಓಣಿ ತಿರುಗಿತ್ತು.

ಕಸದ ಮಾತುಗಳನ್ನೆಲ್ಲ ಎತ್ತಿ ಪರದೆಗೆ ಹಾಕಿದಾಗ ಹಸಿರು ಊರಿನ ನಡುವೆ ಕೆಂಪು ದೀಪಗಳ ಗೊಂಚಲು ಎದ್ದವು. ಆ ಕ್ಷಣಕ್ಕೆ ಗಲಗಲಿ ಸಾಹೇಬರ ಮುಪ್ಪು ಇಪ್ಪತ್ತು ವರ್ಷ ಹಿಂದೆ ಹೋಯಿತು. ತೋಳು ಮಡಚಿ, ಕಲ್ಯಾಣ ಮಂಟಪವನ್ನು ವಾರ್ಡು ಮಾಡಲು, ಗಾಡಿ ತರಿಸಲು, ಔಷಧ ಇಳಿಸಲು ಒಂದೇ ಸಮನೆ ಫೋನಿನಲ್ಲಿ ಗುಡುಗಿದರು. ಆರೋಗ್ಯ ಕಾರ್ಯಕರ್ತೆಯರು ಬುಟ್ಟಿಯಲ್ಲಿ ಹಸಿಮೆಣಸಿನಕಾಯಿ ತುಂಬಿಕೊಂಡು ಕೆಂಪು ದೀಪದ ಮನೆಗಳಿಗೆ ಹೊರಟರು. ಕಚ್ಚಿ ಹಾ ಎಂದವರನ್ನು ಬಿಟ್ಟರು. ಸುಮ್ಮನೆ ಅಗಿದವರ ಗಂಟಲು ಪರೀಕ್ಷೆ ಮಾಡಿದರು. ಸಪ್ಪಗಾಗುವ ಜಡ್ಡು ಎಂದು ಆ ರೋಗಕ್ಕೆ ಊರು ಸಂಜೆಯೊಳಗೆ 'ಸಪ್ಪೆಜಡ್ಡು' ಎಂದು ಹೆಸರಿಟ್ಟಿತು. ರೈಲು ಡಬ್ಬಿಯ ನಂಬರು ಹೊತ್ತ ಹೆಸರು ಅಲ್ಲಿಗೆ ತೀರಿಕೊಂಡಿತು.

ಪರದೆಯಲ್ಲಿ ಅತ್ಯಂತ ಗಾಢವಾಗಿ ಉರಿಯುತ್ತಿದ್ದ ಕೆಂಪು ದೀಪ ಯಾವುದೆಂದು ನೀಲಗಂಗಾ ನೋಡದೆಯೇ ತಿಳಿದಿದ್ದಳು. ಆ ಮನೆಗೆ ಬೇರೆಯವರನ್ನು ಕಳಿಸದೆ ಮೆಣಸಿನಕಾಯಿ ಹಿಡಿದು ತಾನೇ ಹೋದಳು.

ಶಂಕ್ರವ್ವ ಮಗಳ ಮುಖ ನೋಡುತ್ತಲೇ ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ತಿಂದಳು. ಕಣ್ಣು ಕೂಡ ಮಿಟುಕಿಸಲಿಲ್ಲ.

"ಇದೂ ಅದ ಅಂಗಡೀದೇನು?" ಎಂದಳು.

ಗಂಟಲಿನ ದ್ರವ ತಾಗಿಸಿದ ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿತು. ರೋಗ ಇತ್ತು. ಅವ್ವನಿಗೆ ಸಕ್ಕರೆ ಕಾಯಿಲೆ. ಮೂತ್ರಪಿಂಡ ಅರ್ಧ ಸವೆದಿತ್ತು. ಎಂಟು ದಿನದೊಳಗಾದರೆ ಔಷಧ ತಡೆದುಕೊಳ್ಳಬಲ್ಲಳು. ದಾಟಿದ್ದರೆ ಔಷಧವೇ ಅವಳನ್ನು ಕೊಲ್ಲುತ್ತದೆ.

"ಯವ್ವಾ, ಎಂದಿನಿಂದ ಖಾರ ಹತ್ತವಲ್ದು?"

"ನಿನ್ನೆಯಿಂದ."

"ಖರೇ?"

"ಮೊನ್ನೆ ಇದ್ದಿದ್ರೂ ಇರಬಹುದು. ಹೋದ ಸಂತಿಯಿಂದನ ಅನ್ನು. ನನಗೇನ್ ನೆಪ್ಪಿರ್ತೈತಿ? ಮೆಣಸಿನಕಾಯಿ ಕೆಟ್ಟಾವು ಅಂತ ಹೇಳಿದ್ನಿಲ್ಲ? ನಡಿ, ಪಂಕ್ತಿ ಕೂಡೂ ಹೊತ್ತಾತು."

"ಒಲಿ ಆರಸಬೇಕವಾ. ಖಾನಾವಳಿ ಬಂದ್."

ಶಂಕ್ರವ್ವ ತಿರುಗಿದ ರಭಸಕ್ಕೆ ಲಟ್ಟಣಿಗೆ ಉರುಳಿತು. "ಏನಂದಿ? ನಿಮ್ಮಪ್ಪ ಸತ್ತ ದಿನಾನೂ ಬಾಜಾರದ ಹಮಾಲರಿಗೆ ಊಟಾ ಹಾಕಿದ ಒಲಿ ಇದು. ಮಗಳಾಗಿ ಬಾಗಲಾ ಹಾಕ್ತೀಯೇನು?"

"ಮಗಳಾಗಿ ಅಲ್ಲ. ಅಗಸಿಯಾಗ ನಿಂತ ಡಾಕ್ಟರಾಗಿ ಹಾಕ್ತೀನಿ. ಊರಾಗ ಮೊದಲನೇ ಬಾಗಲಾ ಇದ. ಇದ ತೆರದಿದ್ರ ಉಳಿದವ್ರ ಬಾಗಲಾ ಹಾಕ್ಸೂ ಬಾಯಿ ನನಗಿಲ್ಲ." ನೀಲಗಂಗಾ ಕೊಡದಿಂದ ನೀರು ತೆಗೆದು ಒಲೆಗೆ ಸುರಿದಳು. ಎದ್ದ ಹೊಗೆ ಓಣಿಯನ್ನೆಲ್ಲ ಕಪ್ಪು ಮಾಡಿತು.

ಆ ಹೊಗೆಗೆ ಗೋಡೆಯಾಚೆ ಯಾರೋ ಸೀನಿದರು. ಫಕೀರವ್ವ!

ನೀಲಗಂಗಾ ಹಿತ್ತಿಲ ಗೋಡೆ ಹಾರಿದಳು. ಫಕೀರವ್ವ ಎಡಗಾಲು ಚಾಚಿಕೊಂಡು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಸ್ವಾಭಿಮಾನಿ. ಯಾರ ಮನೆಯಲ್ಲೂ ಒಂದು ಗುಟುಕು ಚಹಾ ಕುಡಿದವಳಲ್ಲ. ಹಾಗಾಗಿ ವೈರಾಣುವಿಗೂ ಅವಳ ಮನೆಗೆ ದಾರಿ ಸಿಕ್ಕಿರಲಿಲ್ಲ.

"ಚಿಗವ್ವಾ, ನಮ್ಮ ಅವ್ವಗ..."

"ಆಕಿ ಹೆಸರು ನನ್ನ ಮುಂದ ತೆಗೀಬ್ಯಾಡ. ಆ ಫೋನಿನ ಹುಡಿಗಿಗೂ ಅದ ಹೇಳೀನಿ. ಈ ಕಡಿ ಮನಿ ಕೇಳು, ಹೇಳ್ತೀನಿ. ಆ ಕಡಿದು ನನಗ್ ಗೊತ್ತಿಲ್ಲ."

"ಹೆಸರು ತೆಗ್ಯಂಗಿಲ್ಲ ಬಿಡು. ಗ್ವಾಡಿ ಆಚೆಕಿನ ಮನಿಯಾಗ ಘಾಟು ಹೆಚ್ಚಾಗಿದ್ದು ಎಂದಿನಿಂದ?"

ಫಕೀರವ್ವ ಮೊರ ಕೆಳಗಿಟ್ಟಳು. ಹದಿನಾಲ್ಕು ವರ್ಷದಿಂದ ಆ ಗೋಡೆಗೆ ಹಚ್ಚಿದ ಅವಳ ಕಿವಿ ಮೂಗುಗಳ ಎದುರು ಕುಶಲ ಯಾವ ಲೆಕ್ಕ? "ಯಾಕ ಕೇಳ್ತಿ?"

"ದಿನಾ ಗೊತ್ತಾದ್ರ ಅವ್ವ ಉಳೀತಾಳ. ತಪ್ಪು ದಿನಾ ಹೇಳಿದ್ರ ನನ್ನ ಕೈಲೆ ಸಾಯ್ತಾಳ."

ಮುದುಕಿ ಬೆರಳು ಮಡಚಿ ದಿನ ಎಣಿಸಿದಳು. "ಹುಣ್ಣಿವಿ ದಿನಾ ಆಕಿ ಮೆಣಸಿನಕಾಯಿ ಹುರದ್ಲು. ಆವತ್ತ ನೆಟ್ಟಗಿದ್ಲು. ಮೂಗಿಗೆ ಸೆರಗು ಕಟಗೊಂಡು, ಕೆಮ್ಮಿ, ಮೆಣಸಿನಕಾಯಿ ಮಾರಿದಾವಗ ಬೈದು, ನನಗೂ ಒಂದ್ ಮಾತು ಬೈದ್ಲು. ಮರುದಿನ ಮತ್ತ ಹುರದ್ಲು. ನಾ ಇಲ್ಲಿ ಸೀನಿ ಸೀನಿ ಸಾಯಾಕತ್ತೀನಿ, ಆಕಿ ಹೊಗಿಯಾಗ ಮಾರಿ ಇಟಗೊಂಡು ದೇವರ ಹಾಡು ಹಾಡಾಕತ್ತಾಳ! ನಿಂತು ನೋಡಿದ್ನಿ. ಮೂಗಿಗೆ ಸೆರಗಿಲ್ಲ, ಒಂದ್ ಸೀನಿಲ್ಲ. ಬೇಕಂತನ ನನಗ್ ಕಾಡಾಕ ಮಾಡ್ಯಾಳ ಅಂತ ಸಿಟ್ಟಿಗೆದ್ದಿದ್ನಿ."

"ಹುಣ್ಣಿವಿ ಮರುದಿನ. ಖರೇನ ಚಿಗವ್ವಾ?"

"ಹಗಿ ಮಾಡೂದ್ರಾಗ ನಾ ತಪ್ಪು ಮಾಡಿಲ್ಲ ಬೇ."

ಹುಣ್ಣಿಮೆಯ ಮರುದಿನದಿಂದ ಎಣಿಸಿದರೆ ಅದು ಏಳನೆಯ ದಿನ. ನೀಲಗಂಗಾ ಮತ್ತೆ ಗೋಡೆ ಹಾರಿದ್ದನ್ನು ಕಂಡ ಕೋತಿಯೊಂದು ನಾಚಿ ಊರು ಬಿಟ್ಟಿತೆಂದು ಈಗಲೂ ಹೇಳುತ್ತಾರೆ. ಅರ್ಧ ಗಂಟೆಯಲ್ಲಿ ಶಂಕ್ರವ್ವನ ತೋಳಿಗೆ ಔಷಧ ಏರಿತು.

ಊರಿನ ಉಳಿದ ರೋಗಿಗಳ ದಿನವನ್ನೂ ನೀಲಗಂಗಾ ಹೀಗೆಯೇ ಹಿಡಿದಳು. ಗೆಳೆಯರನ್ನು ಕೇಳಿದರೆ ಅಂದಾಜು ಹೇಳುತ್ತಿದ್ದರು. ಜಗಳವಾಡಿದವರನ್ನು ಕೇಳಿದರೆ ದಿನ, ಹೊತ್ತು, ಉಟ್ಟ ಸೀರೆಯ ಬಣ್ಣದ ಸಮೇತ ಹೇಳುತ್ತಿದ್ದರು. ಮುಂದೆ ಆ ಶಾಸ್ತ್ರ ಬೆಳೆದು, ಊರೂರಿಗೆ ಅಂಥ ಕೋಣೆಗಳಾಗಿ, ದೇಶದೇಶಗಳ ವಿದ್ಯಾರ್ಥಿಗಳು ನಾಲಿಗೆ ಹೊರಳಿಸಿ 'ಬಾಜೂಮನಿ ವಿಧಾನ' ಎಂದು ಉರು ಹೊಡೆಯುವಂತಾದದ್ದು ಇದರಿಂದಲೇ. ಆದರೆ ಆ ದಿನ ನೀಲಗಂಗಾಳಿಗೆ ಅದೆಲ್ಲ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಊಟ.

ಯಾಕೆಂದರೆ ಮನೆಯಲ್ಲೇ ಇರಿ ಎಂದು ಕಟ್ಟುನಿಟ್ಟು ಮಾಡಿದ ಮೂರು ಓಣಿಗಳ ಜನ ಬಾಗಿಲಿಗೆ ಬಂದು ನಿಂತಿದ್ದರು. ಹಮಾಲರಿಗೆ ದಿನದ ಊಟ ಖಾನಾವಳಿಯದೇ ಆಗಿತ್ತು. "ಡಾಕ್ಟರವ್ವಾ, ಜಡ್ಡಿಗೆ ಹೆದರಿ ಒಳಗ ಕುಂತ್ರ ಹೊಟ್ಟಿ ಸುಮ್ನಿರ್ತೈತೇನು?" ಎಂದೊಬ್ಬ ಕೇಳಿದ. ಹಸಿದವರು ಹೊರಬಿದ್ದರೆ ಕೆಂಪು ದೀಪ ಮತ್ತೆ ಹರಡುತ್ತಿತ್ತು.

"ಪುಸ್ತಕದಾಗ ಇದನ್ನ ಬರಕೊಳ್ರಿ. ರೋಗ ಹುಡುಕೋದು ಅರ್ಧಾ ಕೆಲಸ, ಉಣಸೋದು ಉಳಿದರ್ಧಾ" ಎಂದು ಗಲಗಲಿ ಸಾಹೇಬರು ಅಕ್ಕಿ ಜೋಳದ ಮೂಟೆಗಳನ್ನು ಇಳಿಸಿಕೊಟ್ಟರು. ಖಾನಾವಳಿಯ ಒಲೆಗಳನ್ನೆಲ್ಲ ತೊಳೆಸಿ, ಪಾತ್ರೆ ಕುದಿಸಿದ್ದಾಯಿತು. ಅಡುಗೆಗೆ ಮಾತ್ರ ಯಾರೂ ಮುಂದೆ ಬರಲಿಲ್ಲ. ಸಪ್ಪೆಜಡ್ಡಿನ ಮನೆಯೆಂದು ಎಲ್ಲರಿಗೂ ಅಂಜಿಕೆ.

ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಎಡಗಾಲು ಎಳೆಯುತ್ತ, ತನ್ನದೇ ಸೌಟು ಹಿಡಿದು ಫಕೀರವ್ವ ಬಂದಳು. ಯಾರನ್ನೂ ನೋಡಲಿಲ್ಲ. "ಊರು ಉಪವಾಸ ಕುಂಡ್ರಬಾರದಂತ ಬಂದೀನಿ. ಯಾರ ಮ್ಯಾಲಿನ ಪ್ರೀತಿಗೂ ಅಲ್ಲ" ಎಂದು ಗೋಡೆಗೆ ಹೇಳಿ ಒಲೆ ಹಚ್ಚಿದಳು. ಅವಳು ಆ ದಿನಗಳಲ್ಲಿ ತಟ್ಟಿದ ರೊಟ್ಟಿಗಳನ್ನು ಸಾಲಾಗಿ ಇಟ್ಟಿದ್ದರೆ ವಿಜಯಪುರ ಮುಟ್ಟಿ ವಾಪಸು ಬರಬಹುದಿತ್ತು.

ಅವ್ವನ ಜಡ್ಡಿನ ಒಂಬತ್ತನೆಯ ದಿನದ ಬೆಳಿಗ್ಗೆ ನೀಲಗಂಗಾ ವಾರ್ಡಿಗೆ ಹೋದಳು. ಔಷಧ ಗೆದ್ದಿದೆಯೋ ಸೋತಿದೆಯೋ ಎಂದು ತಿಳಿಯುವ ದಿನ ಅದು. ಸೋತಿದ್ದರೆ ಆ ದಿನ ಉಸಿರು ಮೊಟಕಾಗುತ್ತ ಬಂದು ನಿಲ್ಲುತ್ತದೆ. ಕಲ್ಯಾಣ ಮಂಟಪದ ಕಿಟಕಿಯ ಪಕ್ಕದ ಮಂಚದ ಮೇಲೆ ಶಂಕ್ರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಲೆಗೆ ನೀರು ಸುರಿದ ದಿನದಿಂದ ಮಗಳ ಜೊತೆ ಮಾತು ಬಿಟ್ಟಿದ್ದಳು. ನರ್ಸು ಊದುವ ನಳಿಗೆ ಕೊಟ್ಟರೆ ಫೂ ಎಂದು ಒಮ್ಮೆ ಸಣ್ಣಗೆ ಊದಿ ಬಿಟ್ಟುಬಿಟ್ಟಳು. ನಳಿಗೆಯೊಳಗಿನ ಚೆಂಡು ತಳ ಬಿಟ್ಟು ಏಳಲಿಲ್ಲ.

"ಜೋರಾಗಿ ಊದವಾ" ಎಂದಳು ನೀಲಗಂಗಾ.

ಶಂಕ್ರವ್ವ ಕಣ್ಣು ಮುಚ್ಚಿದಳು. ನೀಲಗಂಗಾ ಕೃತಕ ಉಸಿರಾಟದ ಯಂತ್ರವನ್ನು ಮಂಚದ ಹತ್ತಿರಕ್ಕೆ ಎಳೆಸಿದಳು. ಅದರ ಕೊಳವೆ ಬಿಚ್ಚಿ ಕೈಯಲ್ಲಿ ಹಿಡಿದಳು.

ಅಷ್ಟರಲ್ಲಿ ಕಿಟಕಿಯಿಂದ ಒಗ್ಗರಣೆಯ ವಾಸನೆ ಬಂತು. ಎದುರಿಗೇ ಖಾನಾವಳಿ. ಶಂಕ್ರವ್ವನ ಮೂಗು ಅರಳಿತು. ಒಂದು ಕಣ್ಣು ತೆರೆಯಿತು. ಮೊಣಕೈ ಊರಿ ಎದ್ದು ಸರಳು ಹಿಡಿದು ನೋಡಿದಳು. ತನ್ನ ಒಲೆಯ ಮೇಲೆ, ತನ್ನ ಕಡಾಯಿಯಲ್ಲಿ, ಹದಿನಾಲ್ಕು ವರ್ಷದ ವೈರಿ ಝುಣಕ ತಿರುವುತ್ತಿದ್ದಳು.

"ಏ ಫಕೀರೀ! ನನ್ನ ಕಡಾಯಿಗೆ ಕೈ ಹಚ್ಚಾಕ ಯಾರ್ ಹೇಳಿದ್ರು ಬೇ ನಿನಗ, ಝುಣಕಕ್ಕ ಸಾಸಿವಿ ಸಿಡಿಯೂಕಿಂತ ಮೊದಲ ಉಳ್ಳಾಗಡ್ಡಿ ಹಾಕ್ತಾರೇನು, ನಿಮ್ಮವ್ವ ಇದನ್ನ ಕಲಿಸ್ಯಾಳೇನು, ಹಮಾಲರು ಅದನ್ನ ತಿಂದು ನನ್ನ ಖಾನಾವಳಿ ಹೆಸರು ಮಣ್ಣಪಾಲು ಮಾಡ್ತಾರ, ಹಿಟ್ಟು ಒಮ್ಮಿಗೇ ಸುರೀಬ್ಯಾಡ, ಗಂಟಾಗ್ತೈತಿ, ತಿರುವು, ತಿರುವು ಅಂದ್ನಿ, ಎಡಗೈ ಯಾಕ ಸುಮ್ನ ಜೋತುಬಿಟ್ಟೀದಿ, ಬಿಪಿ ಗುಳಗಿ ನುಂಗೀಯೋ ಇಲ್ಲೋ..."

ನೀಲಗಂಗಾ ಅಲುಗಾಡದೆ ನಿಂತು ಕೇಳಿದಳು. ಅವ್ವ ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಉಸಿರೆಳೆಯಲಿಲ್ಲ. ಅಷ್ಟುದ್ದದ ಬೈಗುಳವನ್ನು ಒಂದೇ ಉಸಿರಿನಲ್ಲಿ ಮುಗಿಸುವ ಎದೆ ಆ ಜಿಲ್ಲೆಯ ಪೈಲ್ವಾನರಿಗೂ ಇರಲಿಲ್ಲ. ನರ್ಸು ಬಾಯಿ ತೆರೆದು ನಿಂತಳು. ನೀಲಗಂಗಾ ಕೈಯಲ್ಲಿದ್ದ ಕೊಳವೆಯನ್ನು ನಿಧಾನವಾಗಿ ಸುತ್ತಿ ಯಂತ್ರದ ಮೇಲಿಟ್ಟಳು.

ರಸ್ತೆಯಾಚೆ ಫಕೀರವ್ವ ಸೌಟು ನಿಲ್ಲಿಸಿದಳು. ಮುಖದ ಬಟ್ಟೆ ಕೆಳಗೆಳೆದು, ಸೊಂಟದ ಮೇಲೆ ಕೈಯಿಟ್ಟು, ಕಿಟಕಿಯ ಕಡೆ ತಲೆಯೆತ್ತಿ, ಮಾತು ಬಿಟ್ಟ ಮೇಲಿನ ಮೊದಲ ಮಾತನ್ನು ಊರಿಗೆಲ್ಲ ಕೇಳುವಂತೆ ಆಡಿದಳು.

"ಏನಂದಿ ಶಂಕ್ರೀ? ಇನ್ನೊಮ್ಮಿ ಬೈ, ಕೇಳಸಲಿಲ್ಲ!"

ಶಂಕ್ರವ್ವ ಸರಳನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡಳು.